ನಿಂತುಹೋದ ಹೂಂ

ಗಾಜಿನಂಗಡಿಯಲ್ಲಿ ಅವನಿಗೆ ಪಟಪಟಿ ಎಂದು ಹೆಸರು. ಅವನ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಅನುಮಾನವೇ ಎಂದು ಭಾವ ರೇಗಿಸುತ್ತಿದ್ದ. ಅಕ್ಕನ ಗಂಡನಾದ ಈ ಭಾವನೇ ಅವನನ್ನು ಕೆಲಸಕ್ಕೆ ಸೇರಿಸಿ ಗಾಜು ಹೊರುವುದನ್ನು ಕಲಿಸಿದವನು. ದೊಡ್ಡ ಗಾಜು ಹಿಡಿದಾಗ ಮುಂದಿನವನು ತಿರುಗಿ ನೋಡುವಂತಿಲ್ಲ. ಅದಕ್ಕೇ ಹಿಂದಿನವನು ಹೆಜ್ಜೆ ಹೆಜ್ಜೆಗೂ "ಹೂಂ" ಎನ್ನಬೇಕು. ಹೂಂ ನಿಂತರೆ ಮುಂದಿನವನ ಕಾಲೂ ನಿಲ್ಲಬೇಕು.

ಈಚೆಗೆ ಪಟಪಟಿಯ ಸೊಂಟ ಹಿಡಿದುಕೊಂಡಿತ್ತು. ಬಟ್ಟೆ ಅಂಗಡಿಯ ಭಾರಿ ಗಾಜು ಎತ್ತಿದ್ದರಿಂದ ಹಾಗಾಯಿತೆಂದು ಎಲ್ಲರೆದುರು ಕೊಚ್ಚಿಕೊಂಡಿದ್ದ. ನಿಜವಾಗಿ ಅವನು ಎತ್ತಲು ಬಗ್ಗಿದ್ದು ಬಚ್ಚಲಲ್ಲಿ ಜಾರಿದ ಸಾಬೂನನ್ನು. ಡಾಕ್ಟರಮ್ಮ ಸ್ನಾಯು ಸಡಿಲಿಸುವ ಮಾತ್ರೆ ಬರೆದುಕೊಟ್ಟು ಬಿಡಿಸಿ ಹೇಳಿದ್ದರು: "ಮಲಗೋ ಮುಂಚೆ ಒಂದೇ ಒಂದು. ನಿದ್ದೆ ಎಳೆಯುತ್ತೆ. ಮಂಪರು ಇರೋವಾಗ ಗಾಡಿ ಓಡಿಸಬೇಡ, ಏಣಿ ಹತ್ತಬೇಡ. ಕುಡಿಯೋದು ಬೇಡವೇ ಬೇಡ. ಬೇರೆ ಔಷಧಿ ತಗೊಳ್ಳೋದಿದ್ರೆ ಕೇಳಿ ತಗೋ. ಮತ್ತೆ, ಇದು ನಿನಗೆ ಮಾತ್ರ."

ಪಟಪಟಿ ಎಲ್ಲಕ್ಕೂ ತಲೆಯಾಡಿಸಿದ್ದ. ತನ್ನ ಮಟ್ಟಿಗೆ ಎಲ್ಲವನ್ನೂ ಪಾಲಿಸಿಯೂ ಇದ್ದ. ಕೊನೆಯ ಮಾತೊಂದು ಉಳಿದುಹೋಯಿತು. ಅಂಗಡಿಯಲ್ಲಿ ಒಬ್ಬನ ಜೇಬಿನಲ್ಲಿದ್ದದ್ದು ಎಲ್ಲರದ್ದು, ಬೀಡಿಯಾಗಲಿ ಬಾಚಣಿಗೆಯಾಗಲಿ.

ಅಂದು ಬೆಳಿಗ್ಗೆ ಭಾವ ಕತ್ತು ನೀವಿಕೊಳ್ಳುತ್ತಾ ಬಂದ. "ಕತ್ತು ತಿರುಗಿಸೋಕೇ ಆಗ್ತಿಲ್ಲ ಕಣೋ."

ಅರ್ಧ ಡಾಕ್ಟರನಾಗಿಬಿಟ್ಟಿದ್ದ ಪಟಪಟಿ ಮಾತ್ರೆಯ ಪಟ್ಟಿ ತೆಗೆದ. "ತಗೋ ಭಾವ, ರಾಮಬಾಣ. ಒಂದು ಸಾಕು."

"ಒಂದು ನಿನ್ನಂಥ ಕಡ್ಡಿಗೆ. ನನ್ನ ಮೈಗೆ ಅದು ಎಲ್ಲಿ ಸಾಲುತ್ತೆ?" ಭಾವ ಎರಡು ನುಂಗಿ ಚಹಾ ಕುಡಿದ.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದು ಕಚೇರಿಯ ಮೆಟ್ಟಿಲಲ್ಲಿ ಗಾಜು ಹೊತ್ತು ಹತ್ತುತ್ತಿದ್ದರು, ಪಟಪಟಿ ಮುಂದೆ, ಭಾವ ಹಿಂದೆ. ಹೂಂ. ಹೂಂ. ಆಮೇಲೆ ಹೂಂ ಎಳೆದಂತೆ ಬಂತು. ಆಮೇಲೆ ಬರಲೇ ಇಲ್ಲ.

ಪಟಪಟಿಯ ಕಾಲು ತಾನಾಗಿ ನಿಂತಿತು. "ಭಾವ, ತಮಾಷೆ ಬೇಡ. ಕೈ ಸೋಲ್ತಿದೆ."

ಗಾಜು ಹಿಂದಕ್ಕೆ ವಾಲಿತು. ಅವನು ಮೈಯೆಲ್ಲ ಕೊಟ್ಟು ಅದನ್ನು ಗೋಡೆಗೆ ಒರಗಿಸಿ ತಿರುಗಿ ನೋಡಿದರೆ, ಭಾವ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಕಣ್ಣು ಅರೆ ತೆರೆದಿತ್ತು, ನೋಟ ಇರಲಿಲ್ಲ. ಅಲುಗಿಸಿದರೆ ಎಚ್ಚರವಿಲ್ಲ. ಉಸಿರು ಬಂದು ಹೋಗಿ, ಮತ್ತೆ ಬರಲೋ ಬೇಡವೋ ಎಂದು ಯೋಚಿಸುವಂತಿತ್ತು. ಪಟಪಟಿ ಕೂಗಿ ಜನ ಸೇರಿಸಿ, ಭಾವನನ್ನು ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟ.

ಆಸ್ಪತ್ರೆಗೆ ಅಕ್ಕ ಓಡಿ ಬಂದಳು. ಅಂಗಡಿ ಯಜಮಾನ, "ಬಿಸಿಲಿಗೆ ತಲೆ ತಿರುಗಿರಬೇಕು ಸಾರ್" ಎಂದ. ಡಾಕ್ಟರು ಭಾವನ ಕಣ್ಣಿಗೆ ಬೆಳಕು ಬಿಡುತ್ತಾ ಕೇಳಿದರು: "ಏನಾದ್ರೂ ಔಷಧಿ ತಗೊಂಡಿದ್ರಾ?"

"ನೆಗಡಿ ಅಂತ ಬೆಳಿಗ್ಗೆ ಸಿರಪ್ ಕೊಟ್ಟಿದ್ದೆ. ಇನ್ನೇನೂ ಇಲ್ಲ," ಎಂದಳು ಅಕ್ಕ.

ಸಿರಪ್ಪಿನ ವಿಷಯ ಪಟಪಟಿ ಕೇಳಿದ್ದು ಆಗಲೇ. ಮಾತ್ರೆ ಕೊಡುವಾಗ ಆ ಒಂದು ಪ್ರಶ್ನೆ ಬಿಟ್ಟು ಊರ ಮಾತೆಲ್ಲ ಆಡಿದ್ದ. ಜೇಬಿನಲ್ಲಿ ಪಟ್ಟಿ ಬೆರಳಿಗೆ ಚುಚ್ಚುತ್ತಿತ್ತು. ಬಿಸಿಲು ಎಂಬ ಮಾತು ಅಲ್ಲೇ ಇತ್ತು, ಒಪ್ಪಿಕೊಂಡರೆ ಮುಗಿಯಿತು. ಭಾವನೂ ಮುಗಿದಾನು.

ಪಟ್ಟಿಯನ್ನು ಡಾಕ್ಟರ ಕೈಗಿಟ್ಟ. "ಎರಡು ಸಾರ್. ಬೆಳಿಗ್ಗೆ. ನಾನೇ ಕೊಟ್ಟೆ."

ಅಕ್ಕ ತಿರುಗಿ ನೋಡಿದಳು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಡಾಕ್ಟರು ಆಗಲೇ ನರ್ಸನ್ನು ಕೂಗಿ ಮೂಗಿಗೆ ಆಮ್ಲಜನಕ ಹಾಕಿಸುತ್ತಿದ್ದರು. "ಮಾತ್ರೆಗೂ ಮಂಪರು, ಆ ಸಿರಪ್ಪಿಗೂ ಮಂಪರು. ಎರಡೂ ಸೇರಿ ಉಸಿರಿಗೇ ಜೋಗುಳ ಹಾಡ್ತಿವೆ. ಈಗಲಾದ್ರೂ ಹೇಳಿದೆಯಲ್ಲ. ಆಚೆ ನಿಲ್ಲು."

ಅವನು ಬಾಗಿಲಲ್ಲಿ ನಿಂತ. ಕೋತಿ ತಾನು ಕೆಡುವುದಲ್ಲದೆ ವನವನ್ನೂ ಕೆಡಿಸಿತು ಅನ್ನುತ್ತಾರೆ. ಈ ಕೋತಿ ತನ್ನನ್ನು ಜೋಪಾನವಾಗಿ ಉಳಿಸಿಕೊಂಡು ವನ ಕೆಡಿಸಿತ್ತು. ಒಳಗೆ ಅಕ್ಕ ಭಾವನ ಕೆನ್ನೆ ತಟ್ಟುತ್ತಾ ಒಂದೇ ಸಮನೆ ಕರೆಯುತ್ತಿದ್ದಳು: "ಏನ್ರೀ... ಕೇಳಿಸ್ತಾ ಇದ್ಯೇನ್ರೀ..."

ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತು.

"ಏನ್ರೀ..."

"...ಹೂಂ."

ಆಗ ಪಟಪಟಿಯ ಕಾಲು ಒಂದು ಹೆಜ್ಜೆ ಒಳಗಿಟ್ಟಿತು. ಬಾಯಿಗೆ ಮಾತ್ರ ಇನ್ನೂ ಮಾತು ಬಂದಿರಲಿಲ್ಲ.