ಎಮ್ಮೆಗೂ ಅವಳೇ, ತಂಡಕ್ಕೂ ಅವಳೇ

ನಮ್ಮ ಕಾಲೇಜಿನಲ್ಲಿ ಹುಡುಗಿಯರ ಬೇಸ್‌ಬಾಲ್ ತಂಡ ಹುಟ್ಟಿದ್ದು ಆಟದ ಮೇಲಿನ ಪ್ರೀತಿಯಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹುಟ್ಟಿಸಿದವಳು ನಾನು, ನನಗೆ ಗೊತ್ತು. ಕಬಡ್ಡಿಗೆ ರಾಯಬಾಗಕ್ಕೆ ಹೋದರೆ ಮೊಣಕಾಲು ಕೆತ್ತಿಸಿಕೊಂಡು ಬರುತ್ತಿದ್ದೆವು. ಖೋ ಖೋಗೆ ಅಥಣಿಗೆ ಹೋದರೆ ಮೊದಲ ಸುತ್ತು ಮುಗಿಸಿ ಎಲ್ಲರಿಗಿಂತ ಮುಂಚೆ ಊಟಕ್ಕೆ ಕೂರುತ್ತಿದ್ದೆವು. ಬೇಸ್‌ಬಾಲ್ ಆಡುವವರು ಮಾತ್ರ ಸುತ್ತಮುತ್ತ ಹುಡುಕಿದರೂ ಸಿಗುತ್ತಿರಲಿಲ್ಲ. ಎದುರಾಳಿಯೇ ಇಲ್ಲದ ಆಟದಲ್ಲಿ ಸೋಲುವುದು ಎಂಥ ದಡ್ಡರಿಗೂ ಕಷ್ಟ. ಚಿಕ್ಕೋಡಿಯ ಒಂದು ಪಿಯು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ ಆಗಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅಂದರೆ ಅದೊಂದೇ. ಪ್ರಿನ್ಸಿಪಾಲರು ಅದನ್ನು ತಮ್ಮ ದೂರದೃಷ್ಟಿ ಅಂತ ಹೇಳಿಕೊಂಡು ತಿರುಗಿದರು. ತಿರುಗಲಿ, ನಡೆದರೆ ಸಕ್ಕರೆ ಕಾಯಿಲೆಗೂ ಒಳ್ಳೆಯದು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಮೈದಾನದ ನಡುವೆ ಒಂದು ಸಣ್ಣ ದಿಬ್ಬ, ಅದರ ಮೇಲೆ ನಿಂತು ಚೆಂಡು ಎಸೆಯುವವಳು ಪಿಚರ್. ಕ್ರಿಕೆಟ್ಟಿನ ಬೌಲರ್ ಅಂತಲೇ ಇಟ್ಟುಕೊಳ್ಳಿ, ಆದರೆ ಓಡಿ ಬರುವಂತಿಲ್ಲ, ಚೆಂಡನ್ನು ನೆಲಕ್ಕೆ ಪುಟಿಸುವಂತಿಲ್ಲ. ಎಲ್ಲ ಭಾರವೂ ಒಂದೇ ಕೈಯ ಮೇಲೆ. ಉಳಿದವರು ಹೇಗಿದ್ದರೂ ನಡೆಯುತ್ತದೆ, ಪಿಚರ್ ಕೆಟ್ಟರೆ ಎಲ್ಲವೂ ಕೆಟ್ಟಿತು.

ಇನ್ನು ತಂಡ ಆರಿಸುವುದು. ಅದಕ್ಕಿಂತ ಹೆಣ್ಣು ನೋಡುವ ಶಾಸ್ತ್ರ ವಾಸಿ, ಅಲ್ಲಿ ಹುಡುಗಿಯನ್ನಾದರೂ ನೋಡುತ್ತಾರೆ. ಇಲ್ಲಿ ಹುಡುಗಿಯ ಮಾವ ಯಾರು, ಕಾಕಾ ಯಾರು ಅಂತ ನೋಡುತ್ತಾರೆ. ಆಡಳಿತ ಮಂಡಳಿಯ ಸದಸ್ಯರೊಬ್ಬರ ತಂಗಿಯ ಮಗಳನ್ನು ಸೇರಿಸಿಕೊಳ್ಳಲೇಬೇಕು ಅಂತ ಮೇಲಿನಿಂದ ಬಂತು. ಆ ಹುಡುಗಿ ಚೆಂಡು ಕಂಡರೆ ಹಾವು ಕಂಡಂತೆ ಕುಣಿಯುತ್ತಿದ್ದಳು. ಆಕೆಯನ್ನು ಬಲಗಡೆಯ ದೂರದ ಮೂಲೆಗೆ ನಿಲ್ಲಿಸಿದೆ, ಅಲ್ಲಿ ಚೆಂಡಿಗಿಂತ ಆಡುಗಳೇ ಹೆಚ್ಚು ಬರುತ್ತಿದ್ದವು. ಆಕೆಗೂ ಸಂತೋಷ, ಆಕೆಯ ಮಾವನಿಗೂ ಸಂತೋಷ, ಆಡುಗಳ ಅಭಿಪ್ರಾಯ ಯಾರೂ ಕೇಳಲಿಲ್ಲ.

ನನ್ನ ಪಿಚರನ್ನು ನನಗೆ ಹುಡುಕಿ ಕೊಟ್ಟವನು ಒಬ್ಬ ಕಂಡಕ್ಟರ್. ಒಂದು ಮುಂಜಾನೆ ಆತ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಚಪ್ಪಲಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಬಂದ. ಹಿಂದಿನ ಸಂಜೆ ಸದಲಗಾ ಬಸ್ಸು ತುಂಬಿದೆ ಅಂತ ನಮ್ಮ ಕಾಲೇಜಿನ ಹುಡುಗಿಯೊಬ್ಬಳನ್ನು ಹತ್ತಿಸಿಕೊಳ್ಳದೆ ಬೆಲ್ ಹೊಡೆದಿದ್ದನಂತೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಈ ಚಪ್ಪಲಿ ಬಂದು ಅವನ ಕಿವಿಯ ಹಿಂದೆ ಬಿದ್ದಿತ್ತು. ಪ್ರಿನ್ಸಿಪಾಲರು ಹುಡುಗಿಯನ್ನು ಕರೆಸಿ ಸಂಸ್ಕಾರದ ಮೇಲೆ ಮಾತು ಶುರು ಮಾಡಿದರು. ನಾನು ಕಂಡಕ್ಟರನನ್ನು ಪಕ್ಕಕ್ಕೆ ಕರೆದು ಬಸ್ಸು ಎಷ್ಟು ಜೋರಿತ್ತು, ಯಾವ ಕಿಟಕಿ, ಅವಳು ರಸ್ತೆಯ ಯಾವ ಬದಿಗೆ ನಿಂತಿದ್ದಳು ಅಂತ ಕೇಳಿದೆ. ಆತ ಎಲ್ಲ ಹೇಳಿ ಮುಗಿಸಿ, ನನ್ನ ಮುಖ ನೋಡಿ, ನಿಮಗೆ ಇದರಲ್ಲಿ ಖುಷಿ ಏನು ಬಂತು ಅಂತ ಬೇಜಾರು ಮಾಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿಯ ಕೈಗೆ ಚೆಂಡು ಕೊಟ್ಟಿದ್ದೆ.

ಆಹಾ, ಏನು ಕೈ. ನಮ್ಮ ಕ್ಯಾಚರ್, ಪಾಪ, ಮೊದಲ ದಿನ ಗ್ಲೌಸ್ ಕಳಚಿ ಅಂಗೈ ಊದಿಕೊಂಡಿದ್ದನ್ನು ಎಲ್ಲರಿಗೂ ತೋರಿಸಿದಳು. ಎರಡನೆಯ ಪಿಚರ್ ಕುಡಚಿಯ ಹುಡುಗಿ, ಮೊದಲ ವರ್ಷದವಳು, ಉದ್ದಕ್ಕೆ ಕಬ್ಬಿನ ಹಾಗೆ ಬೆಳೆದವಳು. ಇವಳ ಚೆಂಡಿಗೂ ಜೋರಿತ್ತು, ದಿಕ್ಕು ಒಂದಿರಲಿಲ್ಲ. ಅಭ್ಯಾಸದಲ್ಲಿ ಒಮ್ಮೆ ಅಂಪೈರ್ ಆಗಿ ನಿಂತಿದ್ದ ನನ್ನ ಹೊಟ್ಟೆಗೇ ಹೊಡೆದಳು. ಆದ್ದರಿಂದ ನಮ್ಮ ಆಸೆಯೆಲ್ಲ ಸದಲಗಾದ ಹುಡುಗಿಯ ಮೇಲೆ ನಿಂತಿತು. ಅವಳು ಸೆಕೆಂಡ್ ಪಿಯುಸಿ, ಆ ಒಂದೇ ವರ್ಷ ಅವಳಿಗಿದ್ದದ್ದು. ವಿಭಾಗ ಮಟ್ಟದ ಪಂದ್ಯ ಗೆದ್ದು ರಾಜ್ಯಮಟ್ಟಕ್ಕೆ ಹೋಗಿ ಎಸೆಯಬೇಕು ಅನ್ನುವುದು ಬಿಟ್ಟು ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅರ್ಥಶಾಸ್ತ್ರದ ಅಂಕಪಟ್ಟಿ ನೋಡಿದರೆ ಅದು ಗೊತ್ತಾಗುತ್ತಿತ್ತು.

ಎಳೆಯ ಕೈಯನ್ನು ಹೆಚ್ಚು ದುಡಿಸಬಾರದು ಅಂತ ನಾನು ಓದಿದ್ದೆ, ತರಬೇತಿಯಲ್ಲಿ ಕೇಳಿದ್ದೆ, ಮೊಬೈಲಿನಲ್ಲಿ ವಿಡಿಯೋ ನೋಡಿದ್ದೆ. ಒಂದು ದಿನ ಎಸೆದರೆ ಎರಡು ದಿನ ಚೆಂಡು ಮುಟ್ಟಬಾರದು, ಕಾಲೇಜು ಮುಗಿದ ಕೂಡಲೇ ಮನೆಗೆ ಹೋಗಬೇಕು, ಇದು ನನ್ನ ಕಾಯಿದೆ. ಪ್ರಿನ್ಸಿಪಾಲರು ದಿನಾ ಎಸೆದರೆ ದಿನಾ ಸುಧಾರಿಸುತ್ತಾಳೆ, ಇದೆಂಥ ಮುದ್ದು ಅಂದರು. ನೀವು ದಿನಾ ಭಾಷಣ ಮಾಡುತ್ತೀರಿ, ಏನು ಸುಧಾರಿಸಿದೆ ಅಂತ ಬಾಯಿಗೆ ಬಂದಿತ್ತು, ನೌಕರಿ ನೆನೆದು ನುಂಗಿದೆ.

ಆದರೆ ಆದದ್ದು ತಿರುಗುಮುರುಗು. ವಿಶ್ರಾಂತಿ ಕೊಟ್ಟಷ್ಟೂ ಅವಳ ಕೈ ಕೆಡುತ್ತ ಬಂತು. ಒಮ್ಮೊಮ್ಮೆ ಕಾಯಿದೆ ಮುರಿದು ಎಸೆದ ಮರುದಿನವೇ ಎಸೆದರೆ ಪರವಾಗಿಲ್ಲ, ಎರಡು ದಿನ ಬಿಟ್ಟು ಬಂದರೆ ಚೆಂಡು ಬ್ಯಾಟಿನವಳ ಮುಂದಿನ ಪ್ಲೇಟಿನವರೆಗೆ ಹೋಗಲು ದಣಿಯುತ್ತಿತ್ತು. ಎಸೆದಾದ ಮೇಲೆ ಮೊಣಕೈಯನ್ನು ಮೈಗೆ ಒತ್ತಿಕೊಳ್ಳುತ್ತಿದ್ದಳು. ನೋವಿದೆಯಾ ಅಂತ ಕೇಳಿದರೆ ಇಲ್ಲರಿ ಮೇಡಂ ಅನ್ನುತ್ತಿದ್ದಳು. ಯಾವಾಗ ಕೇಳಿದರೂ ಅದೇ. ಕಾಲೇಜಿನಲ್ಲಿ ಎಲ್ಲರೂ ವೈದ್ಯರಾದರು. ಕ್ಲರ್ಕು ಹೆಂಡತಿಯ ಮಂಡಿಗೆ ಹಚ್ಚುವ ತೈಲ ತಂದ. ನಿಪ್ಪಾಣಿಯಲ್ಲಿ ಎಲುಬು ಕೂಡಿಸುವವನೊಬ್ಬನಿದ್ದಾನೆ ಅಂತ ಕಾವಲುಗಾರ ಹೇಳಿದ. ಸಮಾಜಶಾಸ್ತ್ರದ ಉಪನ್ಯಾಸಕರು ಬಾಗಿಲು ಮುಚ್ಚಿಕೊಂಡು ನನಗೆ ಮಾತ್ರ ಕೇಳುವಂತೆ, ದೃಷ್ಟಿ ಆಗಿದೆ ಅಂದರು.

ಗುಟ್ಟು ಬಿಚ್ಚಿದವಳು ಕುಡಚಿಯ ಹುಡುಗಿ. ಅವಳಿಗದು ಗುಟ್ಟು ಅಂತ ಕೂಡ ಗೊತ್ತಿರಲಿಲ್ಲ. ಶೂ ಲೇಸು ಕಟ್ಟಿಕೊಳ್ಳುತ್ತ ಅಂದಳು: "ಮೇಡಂ, ನೀವು ಅಕ್ಕಗ ಸೂಟಿ ಕೊಡಬ್ಯಾಡ್ರಿ. ಸೂಟಿ ಇದ್ದ ದಿನಾ ಎಲ್ಲಾ ಎಮ್ಮಿ ಅಕಿನ ಹಿಂಡ್ತಾಳ."

ಅಭ್ಯಾಸವಿದ್ದ ದಿನ ಅವಳು ಕತ್ತಲಾದ ಮೇಲೆ ಮನೆ ಸೇರುತ್ತಿದ್ದಳು, ಅಷ್ಟರಲ್ಲಿ ಅವ್ವ ಬಹಳಷ್ಟು ಹಿಂಡಿ ಮುಗಿಸಿರುತ್ತಿದ್ದರು. ನಾನು ವಿಶ್ರಾಂತಿ ಕೊಟ್ಟ ದಿನ ಬೇಗ ಬರುತ್ತಿದ್ದಳು. ಬೇಗ ಬಂದ ಹುಡುಗಿ ಸುಮ್ಮನೆ ಕೂರುವುದುಂಟೇ? ಕೊಟ್ಟಿಗೆಯ ಎಮ್ಮೆಗಳೆಲ್ಲ ಅವಳ ಪಾಲಿಗೆ, ಆಮೇಲೆ ಮೇವು ಕತ್ತರಿಸುವ ಯಂತ್ರದ ಚಕ್ರ ತಿರುಗಿಸುವುದೂ ಅವಳ ಪಾಲಿಗೆ. ನಾನು ಎರಡು ತಿಂಗಳಿಂದ ಉಳಿಸಿದೆ ಉಳಿಸಿದೆ ಅಂದುಕೊಂಡ ಆ ಕೈಯನ್ನು ಸದಲಗಾದಲ್ಲಿ ಎಮ್ಮೆಗಳು ಹಾಲಿನ ಜೊತೆ ಹಿಂಡಿಬಿಡುತ್ತಿದ್ದವು.

ಸಿಟ್ಟು ನೆತ್ತಿಗೇರಿ ಸ್ಕೂಟಿ ಹತ್ತಿ ಸದಲಗಾಕ್ಕೆ ಹೋದೆ. ಜಗಳಕ್ಕೆ ಹೋದವಳಿಗೆ ಕೆನೆ ತೇಲುವ ಚಹಾ ಕೊಟ್ಟರು, ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಅವಳ ಅವ್ವ ನನ್ನ ಮಾತು ಪೂರ್ತಿ ಕೇಳಿ, ಕೋಪವಿಲ್ಲದೆ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು.

"ರೆಸ್ಟ್ ಅಂದ್ರ ಆಟಕ್ಕ ರೆಸ್ಟ್ ಅಂತ ತಿಳಕೊಂಡಿದ್ವಿರಿ ಮೇಡಂ. ಮನಿ ಕೆಲಸಕ್ಕ ಯಾರಿಗರ ರೆಸ್ಟ್ ಇರ್ತೈತೇನ್ರಿ?"

ನಾನೂ ಆ ಮುಂಜಾನೆ ಮೂವರಿಗೆ ರೊಟ್ಟಿ ಬಡಿದಿಟ್ಟು ಬಂದವಳೇ.

ಉಳಿದ ಎಮ್ಮೆಗಳನ್ನು ತಾವು ನೋಡಿಕೊಳ್ಳುತ್ತೇವೆ ಅಂತ ಅಪ್ಪ ಒಪ್ಪಿದರು. ಆದರೆ ಒಂದು ಎಮ್ಮೆ ಇತ್ತು, ಮಹಾರಾಣಿ. ಕರು ಹಾಕಿದಾಗಿನಿಂದ ಈ ಹುಡುಗಿಯೇ ಹಿಂಡಿ, ಅದು ಇವಳ ಕೈಗೆ ಮಾತ್ರ ಹಾಲು ಇಳಿಸುತ್ತಿತ್ತು. ಬೇರೆ ಯಾರು ಕೂತರೂ ಬಕೆಟ್ಟು ಒಂದು ಕಡೆ, ಕೂತವರು ಒಂದು ಕಡೆ. ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುತ್ತಿದ್ದದ್ದೂ ಅದೇ. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಅಂತಾರೆ, ನಾನು ಎಮ್ಮೆಯ ಮುಂದೆ ಕ್ರೀಡಾ ವಿಜ್ಞಾನ ಮಾತಾಡಲು ಬಂದಿದ್ದೆ.

ದಾರಿ ತೋರಿಸಿದ್ದು ಅಜ್ಜಿ. ಮೂಲೆಯಲ್ಲಿ ಕೂತು ಬೆರಳಿನಿಂದ ಹಲ್ಲಿಗೆ ಮಿಸ್ರಿಯ ತಂಬಾಕು ಪುಡಿ ತಿಕ್ಕುತ್ತಿದ್ದ ಮುದುಕಿ ಪಿಚಕ್ಕನೆ ಉಗುಳಿ, ಎಮ್ಮೆ ಮುಖ ನೋಡುವುದಿಲ್ಲ, ಬಟ್ಟೆಯ ವಾಸನೆ ನೋಡುತ್ತದೆ, ಹಿಂಡುವವಳ ಬಟ್ಟೆ ಉಟ್ಟು ಕೂತರೆ ಸುಮ್ಮನಿರುತ್ತದೆ ಅಂದಳು. ಅವಳ ಕಾಲದಲ್ಲಿ ಅತ್ತೆಯ ಸೀರೆ ಉಟ್ಟೇ ಅತ್ತೆಯ ಎಮ್ಮೆ ಹಿಂಡಿದ್ದಳಂತೆ. ಹುಡುಗಿಯ ಬಟ್ಟೆಗಳಲ್ಲಿ ಬೆವರಿನ ವಾಸನೆ ಗಟ್ಟಿಯಾಗಿ ಕೂತಿದ್ದದ್ದು ಅಭ್ಯಾಸದ ಜರ್ಸಿಯಲ್ಲಿ. ಅವ್ವನಿಗೆ ಆ ಎಮ್ಮೆ ಕಂಡರೆ ಹೆದರಿಕೆ, ಹಾಗಾಗಿ ಪಾಳಿ ಅಪ್ಪನಿಗೆ ಬಂತು. ದಪ್ಪ ಮೀಸೆಯ ಮನುಷ್ಯ. ಊರಲ್ಲಿ ತನ್ನ ಮರ್ಯಾದೆ ಏನಾಗಬೇಕು ಅಂದರು. ಎಮ್ಮೆ ಯಾರಿಗೂ ಹೇಳುವುದಿಲ್ಲ ಅಂತ ನಾನು ಭರವಸೆ ಕೊಟ್ಟೆ.

ಬೆನ್ನ ಮೇಲೆ 'ಬಾಲಕಿಯರ ತಂಡ' ಅಂತ ಬರೆದಿದ್ದ ಆ ಜರ್ಸಿಯನ್ನು ಹೊಟ್ಟೆಯವರೆಗೆ ಎಳೆದುಕೊಂಡು, ತಲೆಗೆ ಮಗಳ ಓಢಣಿ ಸುತ್ತಿಕೊಂಡು ಅಪ್ಪ ಎಮ್ಮೆಯ ಪಕ್ಕ ಕೂತರು. ಎಮ್ಮೆ ತಿರುಗಿ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಹೋಗಲಿ ಬಿಡು ಅನ್ನುವಂತೆ ಉಸಿರು ಬಿಟ್ಟು ಹಾಲು ಇಳಿಸಿತು. ಅಜ್ಜಿ ನಕ್ಕು ನಕ್ಕು ಮಿಸ್ರಿ ಗಂಟಲಿಗೆ ಸಿಕ್ಕಿಸಿಕೊಂಡಳು. ಮರುದಿನ ಪ್ರಿನ್ಸಿಪಾಲರ ಹತ್ತಿರ ಇನ್ನೊಂದು ಜರ್ಸಿ ಕೇಳಿದೆ. ಯಾರಿಗೆ ಅಂದರು. ಎಮ್ಮೆಗೆ ಅಂದೆ. ಅವರು ನಗಲಿಲ್ಲ, ಆದರೆ ಸಹಿ ಹಾಕಿದರು.

ಕೈ ಸುಧಾರಿಸಿತು. ಪೂರ್ತಿ ಅಲ್ಲ, ಆದರೆ ಚೆಂಡಿಗೆ ಜೀವ ಬಂತು. ಅಷ್ಟರಲ್ಲಿ ನಮ್ಮನ್ನು ನೋಡಿ ಬೇರೆ ಕಾಲೇಜುಗಳಲ್ಲೂ ತಂಡ ಹುಟ್ಟಿದ್ದವು, ಅವುಗಳ ಜೊತೆಗಿನ ಸಣ್ಣಪುಟ್ಟ ಪಂದ್ಯಗಳನ್ನು ಕುಡಚಿಯವಳ ಕೈಯಿಂದ ಗೆದ್ದುಕೊಂಡು ಇವಳನ್ನು ದೊಡ್ಡದಕ್ಕೆ ಅಂತ ತೆಗೆದಿಟ್ಟೆ. ವಿಭಾಗ ಮಟ್ಟದ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಅವಳ ಅಪ್ಪ ಮಗಳ ಆಟ ನೋಡಲು ಮೊದಲ ಸಲ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದರು.

ಆ ದಿನ ಅವಳು ಎಸೆದ ರೀತಿ ನೋಡಿದವರು ಪುಣ್ಯವಂತರು. ಎದುರಾಳಿ ಹುಡುಗಿಯರು ಬ್ಯಾಟು ಬೀಸಿ ಬೀಸಿ ಗಾಳಿಗೆ ಹೊಡೆದರು. ಕೊನೆಯ ಇನಿಂಗ್ಸಿಗೆ ಬಂದಾಗ ನಾವು ಒಂದು ರನ್ ಮುಂದಿದ್ದೆವು. ಇನ್ನೊಬ್ಬಳು ಔಟಾದರೆ ಮುಗಿಯಿತು. ಅಷ್ಟರಲ್ಲಿ ಅವಳ ಚೆಂಡು ಎತ್ತೆತ್ತಲೋ ಹೋಗತೊಡಗಿತು, ಅದರ ಲಾಭದಿಂದ ಎದುರಾಳಿಯ ಇಬ್ಬರು ಅರ್ಧ ದಾರಿಯ ಬೇಸುಗಳ ಮೇಲೆ ಬಂದು ನಿಂತರು, ಒಂದು ಒಳ್ಳೆಯ ಹೊಡೆತ ಬಿದ್ದರೆ ಇಬ್ಬರದೂ ರನ್. ಅವಳು ಮತ್ತೆ ಮೊಣಕೈ ಮೈಗೆ ಒತ್ತಿಕೊಂಡದ್ದು ನನಗೆ ಕಂಡಿತು. ಆಟ ನಿಲ್ಲಿಸಿ ಅಂತ ಅಂಪೈರಿಗೆ ಹೇಳಿ ದಿಬ್ಬಕ್ಕೆ ನಡೆದೆ. ಕುಡಚಿಯವಳಿಗೂ ಬಾ ಅಂತ ಕೈ ಮಾಡಿದೆ.

ಚೆಂಡು ಕೊಡು ಅಂದೆ. ಕೊಡಲಿಲ್ಲ. ಅಂಗೈ ಮುಂದೆ ಚಾಚಿ, ಈ ಪಂದ್ಯ ಇವಳು ಮುಗಿಸಲಿ, ರಾಜ್ಯಮಟ್ಟಕ್ಕೆ ನಿನ್ನ ಕೈ ಉಳಿಯಬೇಕು ಅಂದೆ. ಅವಳು ನನ್ನನ್ನು ನೋಡಿದಳು. ಕಣ್ಣು ತುಂಬಿದ್ದವು, ದನಿ ಮಾತ್ರ ಒಂದಿಷ್ಟೂ ನಡುಗಲಿಲ್ಲ.

"ಇವತ್ತ ಸೋತ್ರ ರಾಜ್ಯಮಟ್ಟ ಎಲ್ಲಿಂದ ಬರ್ತೈತ್ರಿ ಮೇಡಂ? ಮುಂದಿನ ವರ್ಷ ನಾ ಇಲ್ಲಿ ಇರಂಗಿಲ್ಲ. ಯಾರ ಸಲುವಾಗಿ ಉಳಿಸ್ಲಿ ಈ ಕೈ? ಎಮ್ಮಿ ಸಲುವಾಗಿ ಏನ್ರಿ?"

ನನಗೆ ಅಳು ಬಂತು, ಅದನ್ನು ಸಿಟ್ಟು ಅಂತ ತೋರಿಸಿಕೊಂಡು ಅಂಗೈ ಚಾಚಿಕೊಂಡೇ ನಿಂತೆ. ಕುಡಚಿಯ ಹುಡುಗಿ ಗ್ಲೌಸನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮಿಬ್ಬರನ್ನೂ ನೋಡಿದಳು. "ಅಕ್ಕಾ, ನೀನ ಒಗಿ. ನಂದ ಇನ್ನೊಂದ ವರ್ಷ ಐತಿ," ಅಂದು ತಿರುಗಿ ತನ್ನ ಜಾಗಕ್ಕೆ ನಡೆದುಬಿಟ್ಟಳು. ತಂಡ ಆರಿಸುವವಳು ನಾನು, ಆದರೆ ಆ ಹೊತ್ತಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಚಾಚಿದ ಕೈ ಮಡಚಿಕೊಂಡು ನಾನೂ ಹಿಂದೆ ಬಂದೆ.

ಎರಡು ಚೆಂಡು ಹೊಳೆಯುವಂತೆ ಹೋದವು. ಮೂರನೆಯದು ಸ್ವಲ್ಪ ಮೇಲೆದ್ದಿತು. ಬ್ಯಾಟಿಗೆ ಬಿದ್ದ ಸದ್ದು ಕೇಳಿದಾಗಲೇ ನನಗೆ ತಿಳಿಯಿತು. ಇಬ್ಬರು ಓಡಿ ಬಂದರು, ನಾವು ಸೋತೆವು.

ಹುಡುಗಿಯರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅವಳು ಅಳಲಿಲ್ಲ. ಗೆದ್ದವರ ಸಾಲಿಗೆ ಹೋಗಿ ಎಡಗೈಯಿಂದ ಕೈ ಕುಲುಕಿ ಬಂದಳು. ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ಐಸು ತಂದು, ನನ್ನ ಓಢಣಿಯಲ್ಲಿ ಕಟ್ಟಿ ಅವಳ ಮೊಣಕೈಗೆ ಹಿಡಿದೆ. ಅಪ್ಪ ಗಿಡದ ಕೆಳಗಿಂದ ಬಂದು ಏನು ಮಾಡಬೇಕೆಂದು ತಿಳಿಯದೆ ಅವಳ ಬ್ಯಾಗು ಎತ್ತಿಕೊಂಡು ಪಕ್ಕದಲ್ಲಿ ನಿಂತರು. ವರ್ಷವೆಲ್ಲ ಕೇಳಿದ ರೂಢಿ, ಬಾಯಿಗೆ ಅದೇ ಬಂತು. ನೋಯುತ್ತಿದೆಯಾ ಅಂತ ಕೇಳಿದೆ.

"ಹೂಂರಿ ಮೇಡಂ," ಅಂದಳು. "ಗಣಪತಿ ಹಬ್ಬದಿಂದ ನೋಯಾಕತ್ತೈತಿ. ಹೇಳಿದ್ರ ಕೂಡ್ರಿಸಿ ಬಿಡತಿದ್ರಿ. ಈಗೇನ್ರಿ, ಹೇಳಬಹುದು."