ಗೋಡೆಯಾಚೆಯ ಮೂರು ಬಡಿತ

ಅಂಕಲ್ ಅವರ ಬಲಗೈ ನಡುಬೆರಳಿನ ಗೆಣ್ಣು ಹುಣಸೆಬೀಜದ ಹಾಗೆ ಕಪ್ಪಗೆ, ಗಟ್ಟಿಯಾಗಿ, ನುಣುಪಾಗಿತ್ತು. ಬಾಗಿಲು, ಕಾರಿನ ಬಾನೆಟ್, ಎಲ್‌ಆರ್‌ಟಿ ರೈಲು ನಿಲ್ದಾಣದ ಕಂಬಿ, ಮಾಮಕ್ ಚಹಾದಂಗಡಿಯ ಸ್ಟೀಲ್ ಮೇಜು, ಎದುರಿಗೆ ಗಟ್ಟಿಯಾದದ್ದು ಏನು ಸಿಕ್ಕರೂ ಆ ಗೆಣ್ಣು ಅದರ ಮೇಲೆ ಬೀಳುತ್ತಿತ್ತು. ಮೊದಲು ಬಿಡಿಬಿಡಿಯಾಗಿ ಮೂರು ಬಡಿತ, ಸಣ್ಣದೊಂದು ಬಿಡುವು, ಆಮೇಲೆ ಎರಡು. ಮತ್ತೆ ಮೂರು, ಮತ್ತೆ ಎರಡು. ಒಳಗಿನಿಂದ ಆಂಟಿ ಕೊಂಕಣಿಯಲ್ಲಿ ಗದರುವ ತನಕ ಇದು ನಡೆಯುತ್ತಿತ್ತು. ಗದರಿದ ಮೇಲೆ ಕೈ ಜೇಬಿಗೆ ಹೋಗುತ್ತಿತ್ತು. ಜೇಬಿನೊಳಗೂ ಬೆರಳು ಆಡುತ್ತಲೇ ಇರುತ್ತಿತ್ತು.

ಪೆಟಾಲಿಂಗ್ ಜಯಾದ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಅವರಿಗೂ ನಮಗೂ ಒಂದೇ ಗೋಡೆ. ಅವರು ಮಂಗಳೂರಿನ ಕಥೋಲಿಕರು. ಹರೆಯದಲ್ಲಿ ಹಡಗು ಕಂಪನಿಯೊಂದರ ಕಚೇರಿ ಕೆಲಸಕ್ಕೆಂದು ಮಲೇಷ್ಯಾಕ್ಕೆ ಬಂದು, ಇಲ್ಲೇ ನಿವೃತ್ತರಾಗಿ, ಇಲ್ಲಿಯವರೇ ಆಗಿಬಿಟ್ಟಿದ್ದರು. ನಾನು, ನನ್ನ ಗಂಡ ಹುಬ್ಬಳ್ಳಿಯವರು. ಸಾಮಾನು ಹೊತ್ತುಕೊಂಡು ಮೆಟ್ಟಿಲಲ್ಲಿ ನಾವಿಬ್ಬರೂ ಜಗಳವಾಡುತ್ತ ಹತ್ತುತ್ತಿದ್ದಾಗ ಅವರು ಬಾಗಿಲು ತೆರೆದು ಇಣುಕಿದರು.

"ಎಂತ, ಊರಿನವರಾ?"

"ಹುಬ್ಬಳ್ಳಿಯವ್ರ್ರೀ," ಎಂದೆ.

"ಹಾಗಾದ್ರೆ ಊರಿನವರೇ. ಇಷ್ಟು ದೂರ ಬಂದ ಮೇಲೆ ಹುಬ್ಬಳ್ಳಿ ಎಂತ, ಮಂಗಳೂರು ಎಂತ ಲಾ. ಜಗಳ ಮುಗಿಸಿ ಚಾಕ್ಕೆ ಬನ್ನಿ." ಮಂಗಳೂರಿನ ಮಾತಿಗೆ ಮಲೇಷ್ಯಾದವರ 'ಲಾ' ಅಂಟಿಕೊಂಡಿತ್ತು.

ಚಹಾಕ್ಕೆ ಹೋದವರಿಗೆ ಕಂಡದ್ದು ಗೋಡೆಯುದ್ದಕ್ಕೂ ಜೋಡಿಸಿದ ಗ್ರಾಮಫೋನ್ ರೆಕಾರ್ಡುಗಳು. ಎಲ್ಲವೂ ಲ್ಯಾಟಿನ್ ರಾಕ್. ಹಾಗೊಂದು ಸಂಗೀತವಿದೆ ಎಂದೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಬೆಳಗಾದರೆ ತಂಬೂರಿ ಕೇಳಿ ಬೆಳೆದವಳು ನಾನು. ಮೊದಲ ದಿನ ಆ ಕರೆಂಟ್ ಗಿಟಾರು, ಆರ್ಗನ್ನು, ಅದರ ಕೆಳಗೆ ಸಾಲುಸಾಲು ಡೋಲುಗಳು ಒಟ್ಟಿಗೆ ಕೇಳಿದಾಗ ಯಾರೋ ಪಾತ್ರೆ ಅಂಗಡಿಯನ್ನು ಮೆಟ್ಟಿಲಿನಿಂದ ಉರುಳಿಸಿದ ಹಾಗಾಯಿತು. ನನ್ನ ಗಂಡನಿಗೆ ಮಾತ್ರ ಹಿಡಿಸಿಬಿಟ್ಟಿತು. ಆಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಅವರ ಮನೆಯಲ್ಲೇ ನಮ್ಮ ಚಹಾ.

ಅಂಕಲ್ ರೆಕಾರ್ಡುಗಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದರು. "ಇವತ್ತು ಕ್ಯಾಲಿಫೋರ್ನಿಯಾದ್ದು ಹಾಕುವ," "ಇವತ್ತು ಪೆರುವಿನದ್ದು." ಒಂದು ಸಲಕ್ಕೆ ಒಂದೇ ಬದಿ. ಅದು ಮುಗಿಯುವವರೆಗೆ ಯಾರೂ ಮಾತಾಡಬಾರದು. ಮುಗಿದ ಮೇಲೆ ಅವರೇ ಶುರು ಮಾಡುತ್ತಿದ್ದರು. ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದವರ ಮಕ್ಕಳು ಮನೆಯೊಳಗೆ ಅಪ್ಪ ಅಮ್ಮನ ಕುಣಿತದ ಹಾಡನ್ನೂ ಬೀದಿಯಲ್ಲಿ ರಾಕ್ ಸಂಗೀತವನ್ನೂ ಕೇಳಿ, ಎರಡನ್ನೂ ಬಿಡಲೊಲ್ಲದೆ ಒಂದೇ ಹಾಡಿನಲ್ಲಿ ಕೂರಿಸಿದ್ದು. ಮೆಕ್ಸಿಕೋದಲ್ಲಿ ಸರ್ಕಾರ ಇಂಥ ಹಾಡುಗಳನ್ನು ರೇಡಿಯೋದಿಂದ ದೂರವಿಟ್ಟಾಗ ಅಲ್ಲಿನ ಬ್ಯಾಂಡುಗಳು ಪಾಳು ಗೋದಾಮುಗಳಲ್ಲಿ ನುಡಿಸಿದ್ದು. ಆರ್ಜೆಂಟೀನಾದಲ್ಲಿ ಯುದ್ಧದ ಕಾಲಕ್ಕೆ ಇಂಗ್ಲಿಷ್ ಹಾಡು ನಿಂತು, ಅಲ್ಲಿಯವರ ಸ್ವಂತ ಭಾಷೆಯ ರಾಕ್ ಮನೆಮನೆಗೆ ತಲುಪಿದ್ದು. ಇದನ್ನೆಲ್ಲ ಅವರು ತಮ್ಮ ಅಣ್ಣತಮ್ಮಂದಿರ ಸುದ್ದಿ ಹೇಳುವಂತೆ ಹೇಳುತ್ತಿದ್ದರು.

ಅವರಿಗೆ ಈ ಹುಚ್ಚು ಹಿಡಿದದ್ದು ಇಲ್ಲಿನ ಹೋಟೆಲೊಂದರಲ್ಲಿ. ಹಗಲು ಕಚೇರಿ, ಸಂಜೆ ಅಲ್ಲಿ ನುಡಿಸುತ್ತಿದ್ದ ಫಿಲಿಪಿನೋ ಬ್ಯಾಂಡಿನ ಬೆನ್ನು ಹತ್ತುವುದು. ಒಂದು ಸಂಜೆ ತಾಳದವನು ಬಾರದೆ ಬ್ಯಾಂಡಿನ ಮುಖ್ಯಸ್ಥ ಇವರ ಕೈಗೆ ಎರಡು ಗಟ್ಟಿ ಮರದ ಕೋಲು ಕೊಟ್ಟು ನಿಲ್ಲಿಸಿದನಂತೆ. ಆ ಕೋಲುಗಳಿಗೂ ಅವುಗಳ ತಾಳಕ್ಕೂ ಕ್ಲಾವೆ ಎಂದು ಹೆಸರು. ಮೂರು ಬಡಿತ, ಎರಡು ಬಡಿತ.

"ಗಿಟಾರಿನವನನ್ನು ಎಲ್ಲರೂ ನೋಡ್ತಾರೆ, ಇದನ್ನು ಯಾರೂ ನೋಡುದಿಲ್ಲ," ಎನ್ನುತ್ತಿದ್ದರು. "ಆದ್ರೆ ಇಡೀ ಹಾಡು ನಿಂತದ್ದು ಇದರ ಮೇಲೆ. ತಮಾಷೆ ಗೊತ್ತುಂಟಾ ಮಗಾ? ಎಷ್ಟೋ ರೆಕಾರ್ಡುಗಳಲ್ಲಿ ಇದನ್ನು ಯಾರೂ ಬಡಿಯುದೇ ಇಲ್ಲ. ಕೇಳಿಸುದೇ ಇಲ್ಲ. ಆದ್ರೂ ಎಲ್ಲರಿಗೂ ಗೊತ್ತಿರ್ತದೆ, ನುಡಿಸುವವನಿಗೂ ಕುಣಿಯುವವನಿಗೂ. ಕೂಡಿ ಇದ್ದವರಿಗೆ ಅದು ಬಂದುಬಿಡ್ತದೆ."

"ನನಗೆ ಬರ್ಲಿಲ್ಲಪ್ಪ," ಎಂದು ಆಂಟಿ ಚಹಾದ ಲೋಟ ಕುಕ್ಕುತ್ತಿದ್ದರು. "ಮದುವೆಯಾದಂದಿನಿಂದ ಈ ಗಲಾಟೆ ಕೇಳಿ ಕಿವಿ ಹೋದದ್ದೇ ಬಂತು. ಒಂದು ಹಾಡೂ ತಲೆಗೆ ಹೋಗ್ಲಿಲ್ಲ." ರೆಕಾರ್ಡು ತಿರುಗಲು ಶುರುವಾದರೆ ಅವರು ಜಪಮಾಲೆ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆಂಟಿಗೆ ಮೊಣಕಾಲು ನೋವಿದ್ದ ವರ್ಷ ಶುಭ ಶುಕ್ರವಾರದಂದು ನಾನೇ ಅವರಿಬ್ಬರನ್ನು ಕಾರಿನಲ್ಲಿ ಇಗರ್ಜಿಗೆ ಕರೆದೊಯ್ದೆ. ಆ ದಿನ ಅಲ್ಲಿ ಗಂಟೆ ಬಾರಿಸುವುದಿಲ್ಲ, ವಾದ್ಯವಿಲ್ಲ. ಗಂಟೆಯ ಬದಲು ಮರದ ಹಲಗೆಗಳನ್ನು ಒಂದಕ್ಕೊಂದು ಬಡಿಯುತ್ತಾರೆ. ಅದು ವರ್ಷಗಳಿಂದ ಅಂಕಲ್ ಅವರ ಸೇವೆ. ಶಿಲುಬೆಯ ಹಿಂದೆ ತಲೆ ತಗ್ಗಿಸಿ, ನಿಧಾನಕ್ಕೆ ಒಂದೊಂದೇ ಏಟು ಬಡಿಯುತ್ತ ಹೊರಟವರು, ಇಗರ್ಜಿಯ ಅಂಗಳವನ್ನು ಅರ್ಧ ಸುತ್ತುವಷ್ಟರಲ್ಲಿ ಎಲ್ಲಿ ಜಾರಿದರೋ, ಮೂರು, ಬಿಡುವು, ಎರಡು ಎಂದು ಶುರುವಾಗಿಬಿಟ್ಟಿತು. ಹಿಂದಿದ್ದ ಫಿಲಿಪಿನೋ ಹೆಂಗಸರ ಹೆಜ್ಜೆ ತಮಗೇ ತಿಳಿಯದೆ ಅದಕ್ಕೆ ಕೂಡಿಕೊಂಡಿತು. ಮುಂದಿದ್ದ ಫಾದರ್ ತಿರುಗಿ ನೋಡಿದರು. ಆಂಟಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಎಲ್ಲ ಮುಗಿದ ಮೇಲೆ ಅಂಕಲ್ ಫಾದರ್ ಬಳಿ ಹೋಗಿ ಕ್ಷಮೆ ಕೇಳಿದರು. ನಗಿಸಬೇಕೆಂದು ಮಾಡಿದ್ದಲ್ಲ; ಅವರ ಕಣ್ಣು ಕೆಂಪಾಗಿತ್ತು. "ಎಲ್ಲ ತೆಗೆದು ಬರೀ ಮರ ಉಳಿದಾಗ ನನ್ನ ಕೈಗೆ ಗೊತ್ತಿರುದು ಅದೊಂದೇ," ಎಂದು ಕಾರಿನಲ್ಲಿ ನನಗೆ ಹೇಳಿದರು. ಮರುವರ್ಷ ಫಾದರ್ ತಾವಾಗಿಯೇ ಹಲಗೆಗಳನ್ನು ಅವರ ಕೈಗಿಟ್ಟರಂತೆ.

ಅದಾದ ಮೇಲೆ ನನ್ನ ಗಂಡ ಹೋದ. ಬೆಳಿಗ್ಗೆ ಕಾರು ತೆಗೆದುಕೊಂಡು ಪುತ್ರಜಯಾಕ್ಕೆ ಕೆಲಸಕ್ಕೆ ಹೊರಟವನು ಅಲ್ಲಿ ಕಾರು ನಿಲ್ಲಿಸಿ ಇಳಿಯಲೇ ಇಲ್ಲ. ಹೃದಯ ನಿಂತಿತ್ತು. ಹುಬ್ಬಳ್ಳಿಗೆ ಒಯ್ದು ಎಲ್ಲ ಕಾರ್ಯ ಮುಗಿಸಿ, ಮನೆ ಖಾಲಿ ಮಾಡಿ ಬರುತ್ತೇನೆಂದು ಅಣ್ಣನಿಗೆ ಹೇಳಿ ಒಬ್ಬಳೇ ತಿರುಗಿ ಬಂದೆ. ಖಾಲಿ ಮಾಡಲಿಲ್ಲ. ಸುಬಾಂಗ್ ಜಯಾದ ಕಾಲೇಜಿನಲ್ಲಿ ನನ್ನ ಕೆಲಸವಿತ್ತು, ಅಲ್ಲಿಗೂ ಹೋಗಲಿಲ್ಲ. ಪರದೆ ಎಳೆದುಕೊಂಡು ಮಲಗಿದೆ. ಬದುಕಬೇಕೆಂಬ ಆಸೆ ಆಗ ನನ್ನಲ್ಲಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಆದರೆ ಅಂಕಲ್‌ಗೆ ಗೊತ್ತಾಗಿತ್ತೆಂದು ಈಗ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ತಲೆದಿಂಬಿನ ಹತ್ತಿರದ ಗೋಡೆಯಲ್ಲಿ ಮೂರು ಬಡಿತ ಕೇಳಿತು. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ. ಮತ್ತೆ ಮೂರು. ಮತ್ತೆ. ಆಮೇಲೆ ಬಾಗಿಲ ಬೆಲ್ಲು. ಅಂಕಲ್ ಕೈಯಲ್ಲಿ ಮಾಮಕ್ ಅಂಗಡಿಯಿಂದ ಕಟ್ಟಿಸಿ ತಂದ ರೊಟ್ಟಿ ಚನಾಯ್ ಪೊಟ್ಟಣವಿತ್ತು.

"ಕೇಳಿತಾ?"

"ಕೇಳಿತ್ರಿ."

"ಮತ್ತೆ ಉತ್ತರ ಯಾಕೆ ಕೊಡ್ಲಿಲ್ಲ?"

"ಬ್ಯಾಡ್ರಿ ಅಂಕಲ್. ನನ್ನ ಪಾಡಿಗೆ ನನ್ನ ಬಿಟ್ಟುಬಿಡ್ರಿ. ಹಾಡು ಕೇಳೋ ಮನಸ್ಸಿಲ್ಲ."

"ಹಾಡು ಕೇಳ್ಲಿಕ್ಕೆ ಯಾರು ಹೇಳಿದ್ರು? ನಾನು ಮೂರು ಬಡಿದ್ರೆ ನೀನು ಎರಡು ಬಡಿ. ಅಷ್ಟೇ. ಬಡಿಯದಿದ್ರೆ ನಾನು ಬಂದು ಬೆಲ್ ಒತ್ತುದು. ಬಾಗಿಲು ತೆಗೆಯದಿದ್ರೆ ಆಂಟಿಯನ್ನು ಕಳಿಸುದು. ಅವಳು ಬಂದ್ರೆ ಮತ್ತೆ ನಿನ್ನ ಕಥೆ ಮುಗೀತು."

ಅಂದಿನಿಂದ ದಿನ ಬೆಳಗಾದರೆ ಇದೇ ಕಾಟ. ಬೆಲ್ಲಿಗೆ ಎದ್ದು ಹೋಗಿ ಬಾಗಿಲು ತೆಗೆಯುವುದಕ್ಕಿಂತ ಮಲಗಿದಲ್ಲೇ ಎರಡು ಸಲ ಬಡಿಯುವುದು ಸುಲಭವೆಂದು ಬಡಿಯತೊಡಗಿದೆ. ತಾಳ ತಪ್ಪಿ ಬಡಿದರೆ ಒಪ್ಪುತ್ತಿರಲಿಲ್ಲ, ಮತ್ತೆ ಮೂರು ಬರುತ್ತಿತ್ತು. ಸರಿಯಾದ ಜಾಗದಲ್ಲಿ ಬಡಿಯಬೇಕಾದರೆ ಅವರ ಬಡಿತವನ್ನು ಕಿವಿಗೊಟ್ಟು ಕೇಳಬೇಕು, ಕೇಳಬೇಕಾದರೆ ಎಚ್ಚರವಿರಬೇಕು. ಒಂದು ದಿನ ನನಗೆ ತಡೆಯಲಾರದ ಸಿಟ್ಟು ಬಂತು. ಗಂಡ ಸತ್ತವಳನ್ನು ಅಳಲಿಕ್ಕೂ ಬಿಡದ ಇದೆಂಥ ನೆರೆಹೊರೆ ಎಂದು ಚಪ್ಪಲಿ ತೆಗೆದು ಗೋಡೆಗೆ ಬೀಸಿ ಒಗೆದೆ.

ಗೋಡೆಯಾಚೆಯಿಂದ ಅಂಕಲ್ ದನಿ ಬಂತು. "ಒಂದು ಬಂತು. ಇನ್ನೊಂದು?"

ಇನ್ನೊಂದನ್ನೂ ಒಗೆದೆ. ಆಮೇಲೆ ನಗು ಬಂತು, ನಗುತ್ತ ಅಳು ಬಂತು, ಬಹಳ ಹೊತ್ತು ಅತ್ತೆ. ಅವನು ಹೋದ ಮೇಲೆ ಮನಸಾರೆ ಅತ್ತದ್ದು ಅದೇ ಮೊದಲು. ಮರುವಾರ ಕಾಲೇಜಿಗೆ ಹೋದೆ. ಶನಿವಾರ ಮಧ್ಯಾಹ್ನ ಅವರ ಮನೆಗೂ ಹೋದೆ. ಅಂಕಲ್ ನನ್ನ ಗಂಡನ ಇಷ್ಟದ ಕ್ಯಾಲಿಫೋರ್ನಿಯಾದ ರೆಕಾರ್ಡು ಹಾಕಿದರು. ಆ ಗಲಾಟೆಯ ಕೆಳಗೆ, ಯಾರೂ ಬಡಿಯದ ಆ ಮೂರು ಮತ್ತು ಎರಡು ನನಗೆ ಮೊದಲ ಬಾರಿಗೆ ಕೇಳಿಸಿತು.

ಬೆಳಗಿನ ಬಡಿತ ಮಾತ್ರ ನಿಲ್ಲಲಿಲ್ಲ. ಬೇಕಾಗಿಲ್ಲವೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಇಗರ್ಜಿಯ ಪೂಜೆಗೆ ಹೊರಡುವ ಮುಂಚೆ ಮೂರು, ನಾನು ಚಹಾಕ್ಕಿಡುವ ಮುಂಚೆ ಎರಡು. ವರ್ಷಗಳು ಹೀಗೇ ಹೋದವು.

ಈ ವರ್ಷ, ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಬೆಳಿಗ್ಗೆ ಗೋಡೆ ಸುಮ್ಮನಿತ್ತು. ನಾನು ಓಡಿಹೋಗುವಷ್ಟರಲ್ಲಿ ಆಂಟಿ ಬಾಗಿಲು ತೆರೆದುಕೊಂಡೇ ನಿಂತಿದ್ದರು. ಅಂಕಲ್‌ಗೆ ಲಕ್ವ ಹೊಡೆದಿತ್ತು. ಮಾತು ಹೋಗಿತ್ತು, ಬಲಗೈ ಸತ್ತಂತೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಮಂಚದ ಕಂಬಿಯ ಮೇಲೆ ನಾನು ಮೂರು ಬಡಿದೆ. ಅವರು ನನ್ನನ್ನೇ ನೋಡಿದರು. ಎಡಗೈಯ ಬೆರಳು ಮೆಲ್ಲಗೆ ಎದ್ದು ಕಂಬಿಗೆ ತಾಗಿತು.

"ಒಂದು ಬಂತ್ರಿ ಅಂಕಲ್," ಎಂದೆ. "ಇನ್ನೊಂದು?"

ಇನ್ನೊಂದು ಬರಲಿಲ್ಲ. ಅದನ್ನು ಅವರ ಪರವಾಗಿ ನಾನೇ ಬಡಿದೆ. ಅವರ ಕಣ್ಣಂಚಿನಲ್ಲಿ ನೀರಿತ್ತು, ಆದರೆ ಬಾಯಿಯ ಒಂದು ಬದಿ ನಕ್ಕಿತು. ಎರಡು ದಿನ ಕಳೆದು ತೀರಿಕೊಂಡರು.

ಉಪವಾಸದ ಕಾಲವಾದ್ದರಿಂದ ಇಗರ್ಜಿಯಲ್ಲಿ ಹೂವಿರಲಿಲ್ಲ, ಡೋಲು ಗಿಟಾರುಗಳ ಮಾತೇ ಇರಲಿಲ್ಲ. ಜಪಮಾಲೆ ಸುತ್ತಿದ ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಹುಣಸೆಬೀಜದಂಥ ಗೆಣ್ಣು ಹಾಗೇ ಇತ್ತು. ಇನ್ನು ಅದು ಯಾವುದರ ಮೇಲೂ ಬೀಳುವಂತಿರಲಿಲ್ಲ.

ಬಂದವರೆಲ್ಲ ಒಬ್ಬೊಬ್ಬರಾಗಿ ಹೋದರು. ಆಂಟಿ ಮಲಗುವ ಕೋಣೆ ಬಿಟ್ಟು ಹೊರಬರಲಿಲ್ಲ. ನಾನು ಒಯ್ದ ಊಟ ಮುಚ್ಚಿದಂತೆಯೇ ಇರುತ್ತಿತ್ತು. "ಇಡು ಮಗಾ, ಮತ್ತೆ ತಿಂತೇನೆ," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಆ ಮಲಗುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಎದ್ದು ಗೋಡೆಯ ಮೇಲೆ ಮೂರು ಬಡಿದೆ. ಉತ್ತರವಿಲ್ಲ. ಮತ್ತೆ ಮೂರು ಬಡಿದೆ. ಆಂಟಿಗೆ ಇದರ ಗಂಧಗಾಳಿಯಿಲ್ಲ, ಒಂದು ಹಾಡೂ ತಲೆಗೆ ಹೋಗಲಿಲ್ಲವೆಂದು ಅವರೇ ಹೇಳುತ್ತಿದ್ದವರು. ಹೋಗಿ ಬೆಲ್ ಒತ್ತುವುದೇ ಸರಿ ಎಂದುಕೊಳ್ಳುತ್ತಲೇ ಕೊನೆಯದಾಗಿ ಇನ್ನೊಮ್ಮೆ ಬಡಿದೆ.

ಸಣ್ಣದೊಂದು ಬಿಡುವು. ಆಮೇಲೆ ಗೋಡೆಯಾಚೆಯಿಂದ ಎರಡು ಬಡಿತ ಬಂತು. ಮೆಲ್ಲಗಿತ್ತು, ಬಳೆಯ ಸದ್ದೂ ಸೇರಿತ್ತು. ಆದರೆ ಕೂದಲೆಳೆಯಷ್ಟೂ ಹಿಂದುಮುಂದಾಗದೆ, ಅಂಕಲ್ ಒಪ್ಪುತ್ತಿದ್ದ ಜಾಗಕ್ಕೇ ಬಂದು ಬಿದ್ದಿತ್ತು.