ಕರೆಗೆ ಇಳಿಯದ ಅಧ್ಯಕ್ಷೆ

ಓಟಗಾರ ಭೋಜನ ಕಾಲು ಮುರಿದದ್ದು ೧೯೬೨ರ ಜನವರಿಯಲ್ಲಿ, ಕಾಪುವಿನ ಹತ್ತಿರದ ಒಂದು ಕಂಬಳದಲ್ಲಿ. ಕೋಣಗಳ ಹಿಂದೆ ಓಡುತ್ತಿದ್ದವನು ಕೆಸರಿನಲ್ಲಿ ಜಾರಿದ. ಕೈಗೆ ಸುತ್ತಿಕೊಂಡಿದ್ದ ಹಗ್ಗ ಬಿಚ್ಚಲಿಲ್ಲ. ಕೋಣಗಳು ಎಳೆದುಕೊಂಡು ಹೋದ ರಭಸಕ್ಕೆ ಮೊಣಕಾಲು ಕರೆಯ, ಎಂದರೆ ಓಟದ ಕೆಸರುಗದ್ದೆಯ, ಅಂಚಿನ ಮುರಕಲ್ಲಿಗೆ ಬಡಿಯಿತು. ಕೋಣಗಳ ಯಜಮಾನರು ಕಾರ್ಕಳದ ಅವನ ಮನೆಗೆ ಒಂದು ಗೊನೆ ಎಳನೀರು ಕಳಿಸಿದರು. ಮತ್ತೆ ಯಾರೂ ಬರಲಿಲ್ಲ.

ಅವನ ಹೆಂಡತಿ ಗುಣವತಿ ಬೀಡಿ ಕಟ್ಟುತ್ತಿದ್ದಳು. ಬೀಡಿ ಕೆಲಸಗಾರರ ಸಂಘದಲ್ಲಿ ಹತ್ತು ವರ್ಷದಿಂದ ಇದ್ದಳು. ಕೆಟ್ಟ ಎಲೆ ಕೊಟ್ಟು ಬೀಡಿ ಸರಿಯಿಲ್ಲ ಎನ್ನುವ ಗುತ್ತಿಗೆದಾರರ ಜತೆ ವಾದ ಮಾಡಿ ಅವಳ ಬಾಯಿ ಪಳಗಿತ್ತು. ಓಟಗಾರರಿಗೂ ಒಂದು ಸಂಘವಿತ್ತು. ಕಾರ್ಕಳದಿಂದ ಕಾಪುವಿನವರೆಗಿನ ನಲವತ್ತು ಮಂದಿ ಮೂರು ವರ್ಷದ ಹಿಂದೆ ಕಟ್ಟಿಕೊಂಡದ್ದು. ಅಧ್ಯಕ್ಷ ಸುಂದರ, ಅವನಷ್ಟು ವೇಗವಾಗಿ ಓಡುವವನು ಆ ಸೀಮೆಯಲ್ಲಿ ಬೇರೆ ಇರಲಿಲ್ಲ. ಕಾರ್ಯದರ್ಶಿ ಶಿರ್ವದ ಫೌಸ್ಟಿನ್. ಬೊಂಬಾಯಿಯ ಬಂದರಿನಲ್ಲಿ ದುಡಿದು, ಮುಷ್ಕರ ಕಂಡು ಬಂದವನು.

ಭೋಜನ ಚಿಕಿತ್ಸೆಯ ಖರ್ಚು ಕೊಡುವವರೆಗೆ ಆ ಯಜಮಾನರ ಕೋಣಗಳನ್ನು ಯಾರೂ ಓಡಿಸಬಾರದು ಎಂದು ಸಂಘ ನಿರ್ಣಯ ಮಾಡಿತು. ಎರಡನೆಯ ವಾರವೇ ಅದೇ ಕೋಣಗಳನ್ನು ಓಡಿಸಿ ಗೆದ್ದವನು ಸ್ವತಃ ಸುಂದರ.

ಸುಂದರ ಇನ್ನು ಅಧ್ಯಕ್ಷನಲ್ಲ ಎಂದು ಫೌಸ್ಟಿನ್ ಎಲ್ಲರಿಗೂ ಕಾಗದ ಬರೆದ. ಫೌಸ್ಟಿನ್ ಕಾರ್ಯದರ್ಶಿಯಲ್ಲ ಎಂದು ಸುಂದರನ ಕಡೆಯವರು ಬರೆದರು. ಒಂದೇ ಭಾನುವಾರಕ್ಕೆ ಎರಡು ಸಭೆ ಗೊತ್ತಾಯಿತು. ಭೋಜ ಸಮಿತಿಯವನಾದ್ದರಿಂದ ಎರಡೂ ಕಾಗದ ಅವರ ಮನೆಗೆ ಬಂದವು. ಯಾವುದಕ್ಕೂ ಹೋಗುವುದು ಬೇಡ ಎಂದ ಭೋಜ. ಗುಣವತಿ ಕೇಳಲಿಲ್ಲ. ಸಿಟ್ಟಿನಲ್ಲೇ ನಡೆದುಕೊಂಡು ಸುಂದರನ ಮನೆಗೆ ಹೋದಳು.

ಸುಂದರ ಅವಳ ಮುಖ ನೋಡದೆ ಹೇಳಿದ: "ನಾನು ಉಳುವ ಗದ್ದೆ ಆ ಯಜಮಾನರದ್ದು ಅಕ್ಕ. ಗೇಣಿ ಚೀಟಿ ಕೂಡ ಇಲ್ಲ. ಓಡದಿದ್ದರೆ ಈ ಮಳೆಗಾಲಕ್ಕೆ ಗದ್ದೆಗೆ ಇಳಿಯುವುದು ಬೇಡ ಅಂತ ಹೇಳಿ ಕಳಿಸಿದರು."

"ಸಭೆಯಲ್ಲಿ ಯಾಕೆ ಹೇಳಲಿಲ್ಲ?"

"ಅಧ್ಯಕ್ಷನಾಗಿ ನಾನೇ ಹೆದರಿದೆ ಅಂತ ಹೇಳುವುದು ಹೇಗೆ?"

ಅವಳ ಸಿಟ್ಟು ಇಳಿಯಲಿಲ್ಲ, ಆದರೆ ಸುಂದರನ ಮೇಲೆ ಮಾತ್ರ ಉಳಿಯಲಿಲ್ಲ. ಮರುದಿನ ಶಿರ್ವಕ್ಕೆ ಹೋದಳು. ಸುಂದರ ದ್ರೋಹಿ, ಅವನ ಜತೆ ಕೂರುವುದೇ ಇಲ್ಲ ಎಂದು ಫೌಸ್ಟಿನ್ ಹಟ ಹಿಡಿದ. ಊರಲ್ಲಿ ಕ್ರೈಸ್ತರನ್ನು ಕರೆಯುವಂತೆ ಪೊರ್ಬು ಎಂದೇ ಕರೆದು ಗುಣವತಿ ಒಂದೇ ಮಾತು ಕೇಳಿದಳು: "ಪೊರ್ಬುಗಳೇ, ನಿಮ್ಮ ಗದ್ದೆ ನಿಮ್ಮದೇ ಅಲ್ವಾ?"

ಭಾನುವಾರ ತನ್ನ ಅಂಗಳಕ್ಕೆ ಬನ್ನಿ ಎಂದು ಅವಳು ಎರಡೂ ಕಡೆಯವರನ್ನು ಕರೆದಳು; ಫೌಸ್ಟಿನ್ ಕೂಡ ಬಂದ.

ಎರಡು ಸಭೆಯ ಬದಲು ಒಂದೇ ಸಭೆ ಗುಣವತಿಯ ಅಂಗಳದಲ್ಲಿ ನಡೆಯಿತು. ಜಗಲಿಯ ಮೇಲೆ ಭೋಜ ಕಾಲು ಚಾಚಿ ಮಲಗಿದ್ದ. ಸುಂದರ ಎದ್ದು ನಿಂತು ಗದ್ದೆಯ ವಿಷಯ ಹೇಳಿದ. ಬಂದವರಲ್ಲಿ ಮುಕ್ಕಾಲು ಮಂದಿ ಒಬ್ಬರಲ್ಲ ಒಬ್ಬ ಯಜಮಾನರ ಒಕ್ಕಲುಗಳೇ; ತಲೆ ತಗ್ಗಿಸಿ ಕೇಳಿದರು. ಆದರೂ ಅವನೇ ಅಧ್ಯಕ್ಷನಾಗಿರಲಿ ಎನ್ನಲು ಅರ್ಧ ಜನ ಒಪ್ಪಲಿಲ್ಲ, ಫೌಸ್ಟಿನ್ ಆಗಲಿ ಎನ್ನಲು ಇನ್ನರ್ಧ ಜನ ಒಪ್ಪಲಿಲ್ಲ. ಮಧ್ಯಾಹ್ನದವರೆಗೆ ಜಗಳವೇ ನಡೆಯಿತು. ಕೊನೆಗೆ ಫೌಸ್ಟಿನ್ ತಾನೇ ಎದ್ದು, ಯಾವ ಯಜಮಾನರೂ ಹೆದರಿಸಲಾಗದವರು ಬೇಕು, ಬೀಡಿ ಕಟ್ಟಿ ಬದುಕುವ ಗುಣವತಿಯಕ್ಕ ಆಗಲಿ ಎಂದ.

ಕೋಣದ ಹಗ್ಗ ಮುಟ್ಟಿ ಗೊತ್ತಿಲ್ಲದ ಹೆಂಗಸು ಓಟಗಾರರಿಗೆ ಅಧ್ಯಕ್ಷೆಯೇ ಎಂದು ಒಬ್ಬ ಹಿರಿಯ ಓಟಗಾರ ಕೇಳಿದ.

"ಓಡುವುದು ನಿಮಗೆ ಗೊತ್ತುಂಟು," ಎಂದಳು ಗುಣವತಿ. "ಯಜಮಾನರ ಎದುರು ಕೂತು ಮಾತಾಡುವುದು ನನಗೆ ಗೊತ್ತುಂಟು. ನಾನು ಓಡಲಿಕ್ಕೆ ಬರುವುದಿಲ್ಲ."

ಕೈ ಎತ್ತಿದವರು ಅರ್ಧಕ್ಕಿಂತ ಇಬ್ಬರು ಹೆಚ್ಚು. ಹಿರಿಯನ ಜತೆ ಐದು ಮಂದಿ ಎದ್ದು ಹೋದರು, ಮತ್ತೆ ಸಂಘಕ್ಕೆ ಬರಲೇ ಇಲ್ಲ.

ಗುಣವತಿ ಹಳೆಯ ನಿರ್ಣಯವನ್ನು ಬದಿಗಿಟ್ಟಳು. ಒಬ್ಬ ಯಜಮಾನರನ್ನು ಬಹಿಷ್ಕರಿಸಿದರೆ ಪೆಟ್ಟು ಅವರ ಒಕ್ಕಲಿಗೆ ಬೀಳುತ್ತದೆ, ಆದ್ದರಿಂದ ಎಲ್ಲರೂ ಎಲ್ಲರ ಕೋಣಗಳಿಂದಲೂ ದೂರ ನಿಲ್ಲಬೇಕು ಎಂದಳು. ಅದೇ ವರ್ಷ ಡಿಸೆಂಬರಿನ ಮೊದಲ ಕಂಬಳದ ದಿನ ಮೂವತ್ತು ಜೋಡಿ ಕೋಣಗಳು ಸಿಂಗಾರ ಮಾಡಿಸಿಕೊಂಡು ನಿಂತಿದ್ದವು, ಡೋಲು ಬಡಿಯುತ್ತಿತ್ತು. ಓಟಗಾರರು ತೆಂಗಿನ ತೋಟದಲ್ಲಿ ಕೂತಿದ್ದರು. ಸುಂದರ ಎಲ್ಲರಿಗಿಂತ ಮುಂದೆ, ಯಜಮಾನರ ಕಣ್ಣಿಗೆ ಕಾಣುವ ಹಾಗೆಯೇ ಕೂತಿದ್ದ. ಬೇರೆಡೆಯಿಂದ ಓಟಗಾರರನ್ನು ಕರೆಸಲು ಯಜಮಾನರು ಜನ ಕಳಿಸಿದರು, ಯಾರೂ ಸಿಗಲಿಲ್ಲ. ಮೂರು ಗಂಟೆಗೆ ಇಬ್ಬರು ಯಜಮಾನರು ತೋಟಕ್ಕೆ ಬಂದರು. ಮುಂದಕ್ಕೆ ಕರೆಯಲ್ಲಿ ಪೆಟ್ಟಾದವನ ಮದ್ದಿನ ಖರ್ಚು, ಎದ್ದು ಓಡಾಡುವವರೆಗೆ ಮನೆಗೆ ಅಕ್ಕಿ ಎಂದು ಗುಣವತಿ ಅವರಿಂದ ಮಾತು ತೆಗೆದುಕೊಂಡಳು.

ಭೋಜನಿಗೆ ಅದರಿಂದ ಏನೂ ಸಿಗಲಿಲ್ಲ. ಅವನ ಕಾಲು ಮುರಿದದ್ದು ಆ ಮಾತಿಗೆ ಮೊದಲು. ಕಾಲು ಓರೆಯಾಗಿಯೇ ಕೂಡಿತು. ಮರುವರ್ಷ ಯಜಮಾನರು ಬೇರೆ ನೆಪ ತೆಗೆದು ಸುಂದರನಿಂದ ಅರ್ಧ ಗದ್ದೆ ಬಿಡಿಸಿಕೊಂಡರು. ಫೌಸ್ಟಿನ್ ಅರ್ಜಿ ಬರೆದ, ಗುಣವತಿ ಉಡುಪಿಯ ವಕೀಲರ ಮನೆಗೆ ಮೂರು ಸಲ ಅಲೆದಳು. ಗದ್ದೆ ಬರಲಿಲ್ಲ. ಅಧ್ಯಕ್ಷೆಯಾಗಿದ್ದ ಏಳು ವರ್ಷದಲ್ಲಿ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಅವಳು ಮೊದಲು ಹೇಳುತ್ತಿದ್ದದ್ದು ಆ ಅರ್ಧ ಗದ್ದೆಯ ವಿಷಯ.